ಲೆಕ್ಕ ಕೂಡಿತು, ಉತ್ತರ ತಪ್ಪಿತು: 24 ವ್ಯಾಟ್‌ನ ಒಂದು ಪ್ರಕರಣ

ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಹಗಲು ಹೊತ್ತು ಯಾರ ತಲೆಗೂ ಪಾಠ ಇಳಿಯುವುದಿಲ್ಲ. ಅದಕ್ಕೇ ಡಿಪ್ಲೊಮಾ ಮಕ್ಕಳಿಗೆ ನಾನು ಸಂಜೆ ಆರರ ಮೇಲೆ ಮನೆಯ ಮಾಳಿಗೆಯ ಮೇಲೆ ಪಾಠ ಹೇಳುತ್ತೇನೆ. ಒಂದು ಚಾಪೆ, ಒಂದು ಬೋರ್ಡು, ಕೆಳಗಿನಿಂದ ಎಳೆದ ಒಂದು ಬಲ್ಬು. ಈ ಪ್ರಕರಣ ನಡೆದದ್ದು ಅಲ್ಲೇ.

ಹುಡುಗಿ ಮಾನ್ವಿ ಕಡೆಯವಳು. ಇಲ್ಲಿ ಹಾಸ್ಟೆಲ್‌ನಲ್ಲಿದ್ದು ಎಲೆಕ್ಟ್ರಿಕಲ್ ಓದುತ್ತಾಳೆ. ಲೆಕ್ಕದಲ್ಲಿ ಚುರುಕು. ಉತ್ತರ ಬಂದ ಮೇಲೆ ಅದನ್ನು ಇನ್ನೊಂದು ದಾರಿಯಿಂದ ಪರೀಕ್ಷೆ ಮಾಡುವ ಅಭ್ಯಾಸವೂ ಇದೆ. ಅಂಥವಳು ಒಂದು ಸಂಜೆ ಎಲ್ಲರಿಗಿಂತ ಮುಂಚೆ ಬಂದು ನೋಟ್‌ಬುಕ್ ಮುಂದಿಟ್ಟಳು.

"ಸರ್, ಪವರ್ ಎರಡೂ ಕಡೆ ಕೂಡ್ತದ್ರಿ. ಪಾಯಿಂಟ್ ಆದ ಮ್ಯಾಲಿನ ಅಂಕಿ ಸೈತ ಕೂಡ್ತದ. ಆದ್ರ ನೀವು ಕೊಟ್ಟ ಉತ್ತರ ಬ್ಯಾರೆ ಅದ. ನಿಮ್ಮ ಹಾಳ್ಯಾಗ ತಪ್ಪಾಗಿರಬೇಕ್ರಿ."

ನಾನು ಕೊಟ್ಟ ಸರ್ಕ್ಯೂಟ್ ತುಂಬಾ ಚಿಕ್ಕದು. 18 ವೋಲ್ಟ್‌ನ ಒಂದು ಬ್ಯಾಟರಿ. ಅದರ ಪ್ಲಸ್‌ನಿಂದ 6 ಓಮ್ ರೆಸಿಸ್ಟರ್ ಮೂಲಕ ಒಂದು ನೋಡ್‌ಗೆ, ಅಂದರೆ ತಂತಿಗಳು ಕೂಡುವ ಜಾಗಕ್ಕೆ ಬರುತ್ತೇವೆ. ಆ ನೋಡ್‌ನಿಂದ ಗ್ರೌಂಡ್‌ಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, 4 ಓಮ್. ಇಷ್ಟೇ ಆಗಿದ್ದರೆ ಪಿಯುಸಿ ಮಕ್ಕಳೂ ಬಿಡಿಸುತ್ತಾರೆ. ಆದರೆ ಅದೇ ನೋಡ್‌ಗೆ ಗ್ರೌಂಡ್‌ನಿಂದ ಕರೆಂಟ್ ತಳ್ಳುವ ಒಂದು ಡಿಪೆಂಡೆಂಟ್ ಸೋರ್ಸ್ ಕೂಡ ಇದೆ. ಇಸ್ಪೀಟಿನ ಡೈಮಂಡ್ ಆಕಾರದಲ್ಲಿ ಬರೆಯುತ್ತೇವಲ್ಲ, ಅದು. 6 ಓಮ್‌ನಲ್ಲಿ ಬ್ಯಾಟರಿ ಕಡೆಯಿಂದ ನೋಡ್ ಕಡೆಗೆ ಎಷ್ಟು ಕರೆಂಟ್ ಹರಿಯುತ್ತದೋ ಅದರ ಎರಡರಷ್ಟನ್ನು ಅದು ತಳ್ಳುತ್ತದೆ. ಆ ನಿಯಂತ್ರಿಸುವ ಕರೆಂಟನ್ನು ಇಲ್ಲಿ ‘ಕ’ ಎಂದು ಕರೆಯೋಣ. ಹಾಗಾದರೆ ಡೈಮಂಡ್‌ನ ಕರೆಂಟ್ 2ಕ. ಕೇಳಿದ್ದು ಎರಡೇ: ನೋಡ್‌ನ ವೋಲ್ಟೇಜ್ ಎಷ್ಟು, ಪ್ರತಿಯೊಂದು ಭಾಗದ ಪವರ್ ಎಷ್ಟು.

ನನ್ನ ಹಾಳೆಯಲ್ಲಿದ್ದ ಉತ್ತರ 12 ವೋಲ್ಟ್. ಅವಳಿಗೆ ಬಂದದ್ದು 15.84 ವೋಲ್ಟ್.

ಇಂಥ ಲೆಕ್ಕ ತಪ್ಪಿದಾಗ ನಾನು ಮೊದಲು ನೋಡುವುದು ಚಿಹ್ನೆಗಳನ್ನು. ಪ್ಲಸ್ ತುದಿಯೊಳಗೆ ಕರೆಂಟ್ ಹೋದರೆ ಆ ಭಾಗ ಪವರ್ ತಿನ್ನುತ್ತದೆ, ಪ್ಲಸ್ ತುದಿಯಿಂದ ಹೊರಗೆ ಬಂದರೆ ಕೊಡುತ್ತದೆ. ಹತ್ತರಲ್ಲಿ ಏಳು ತಪ್ಪು ಅಲ್ಲೇ ಸಿಗುತ್ತವೆ. ಇವಳ ಚಿಹ್ನೆಗಳು ಒಂದೂ ತಪ್ಪಿರಲಿಲ್ಲ. ಕೂಡು-ಕಳೆ-ಗುಣಿಸುವುದೂ ಸರಿ ಇತ್ತು. ಹಾಗಾಗಿ ಅವಳು ನಡೆದ ದಾರಿಯಲ್ಲೇ ನಾನೂ ಮೊದಲಿಂದ ನಡೆದೆ.

ಅವಳು ಹಿಡಿದದ್ದು ಸೂಪರ್‌ಪೊಸಿಷನ್ ದಾರಿ. ಎರಡು ಸೋರ್ಸ್ ಇವೆ, ಒಂದೊಂದನ್ನೇ ಇಟ್ಟುಕೊಂಡು ಬಿಡಿಸಿ ಕೊನೆಗೆ ಕೂಡಿಸೋಣ ಎಂದುಕೊಂಡಿದ್ದಾಳೆ. ಮೊದಲು ಡೈಮಂಡ್ ತೆಗೆದಳು. 18 ವೋಲ್ಟ್‌ಗೆ ಒಟ್ಟು 10 ಓಮ್, ಕರೆಂಟ್ 1.8 ಆಂಪಿಯರ್, ನೋಡ್‌ನಲ್ಲಿ 7.2 ವೋಲ್ಟ್. ಆಮೇಲೆ ಬ್ಯಾಟರಿ ಜಾಗವನ್ನು ಶಾರ್ಟ್ ಮಾಡಿದಳು, ಅಂದರೆ ಅಲ್ಲಿ ಬರೀ ತಂತಿ ಇಟ್ಟಳು. ಕ 1.8 ಆಗಿದ್ದರೆ ಡೈಮಂಡ್ ತಳ್ಳುವುದು 3.6 ಆಂಪಿಯರ್. ಅದರ ಮುಂದೆ 6 ಮತ್ತು 4 ಓಮ್ ಪ್ಯಾರಲಲ್, ಅಂದರೆ 2.4 ಓಮ್. ವೋಲ್ಟೇಜ್ 8.64. ಎರಡನ್ನೂ ಕೂಡಿಸಿದರೆ 15.84.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಎಲ್ಲರೂ ಮಾಡುವ ಸಾಮಾನ್ಯ ತಪ್ಪು. ಆದರೆ ಅವಳು ಪವರ್ ಪರೀಕ್ಷೆಗೆ ಹೋದಳು. ಪ್ರಕರಣ ಕುತೂಹಲದ್ದಾಗುವುದು ಅಲ್ಲಿಂದ.

ಮೊದಲ ಸಲ ಬ್ಯಾಟರಿಯ ಕರೆಂಟ್ 1.8 ಎಂದೇ ಹಿಡಿದಿದ್ದಾಳೆ. ಕೊಟ್ಟ ಪವರ್ 89.424 ವ್ಯಾಟ್ ಬಂತು. ತಿಂದದ್ದು 82.1664. ಏಳು ವ್ಯಾಟ್‌ಗಿಂತ ಜಾಸ್ತಿ ವ್ಯತ್ಯಾಸ. ಏನೋ ತಪ್ಪಿದೆ ಎಂದು ಅವಳಿಗೇ ಹೊಳೆದಿದೆ. ನೋಡ್ 15.84 ವೋಲ್ಟ್‌ನಲ್ಲಿದ್ದರೆ 6 ಓಮ್ ಮೇಲೆ ಉಳಿಯುವುದು 2.16 ವೋಲ್ಟ್ ಅಷ್ಟೇ, ಕರೆಂಟ್ 0.36 ಆಂಪಿಯರ್ ಆಗಬೇಕು. ಸರಿ, ಅದನ್ನು ತಿದ್ದಿ ಮತ್ತೆ ಲೆಕ್ಕ ಹಾಕಿದ್ದಾಳೆ. ಬ್ಯಾಟರಿ ಕೊಡುವುದು 6.48 ವ್ಯಾಟ್, ಡೈಮಂಡ್ ಕೊಡುವುದು 57.024. ಒಟ್ಟು 63.504. ತಿನ್ನುವ ಕಡೆ 6 ಓಮ್‌ನಲ್ಲಿ 0.7776, 4 ಓಮ್‌ನಲ್ಲಿ 62.7264. ಒಟ್ಟು 63.504.

ಕೂಡಿತು. ಪಾಯಿಂಟ್ ಆದ ಮೇಲಿನ ಮೂರನೇ ಅಂಕಿಯವರೆಗೂ ಕೂಡಿತು.

ಆ ಪುಟ ನೋಡಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಷ್ಟೋ ವರ್ಷ ನಾನೇ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ: "ಪವರ್ ಕೂಡಿದರೆ ಲೆಕ್ಕ ಸರಿ." ಈ ಹುಡುಗಿ ಆ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಪವರ್ ಕೂಡಿತ್ತು, ಉತ್ತರ ತಪ್ಪಿತ್ತು. ತಪ್ಪು ಅವಳದಷ್ಟೇ ಅಲ್ಲ, ನನ್ನದೂ ಹೌದು.

ಹಾಗಾದರೆ ಪವರ್ ಯಾಕೆ ಕೂಡಿತು? ಕಿರ್ಚಾಫ್ 1845ರಲ್ಲಿ ಕೊಟ್ಟ ಎರಡು ನಿಯಮ ಎಲ್ಲರಿಗೂ ಗೊತ್ತು. ನೋಡ್‌ಗೆ ಬಂದ ಕರೆಂಟ್ ಎಲ್ಲಾ ಹೊರಗೆ ಹೋಗಬೇಕು. ಲೂಪ್ ಸುತ್ತಿ ಬಂದರೆ ವೋಲ್ಟೇಜ್‌ಗಳ ಮೊತ್ತ ಸೊನ್ನೆ ಆಗಬೇಕು. 1952ರಲ್ಲಿ ಡಚ್ ಇಂಜಿನಿಯರ್ ಬರ್ನಾರ್ಡ್ ಟೆಲೆಗೆನ್ ಒಂದು ಪ್ರಮೇಯ ಪ್ರಕಟಿಸಿದರು. ಈ ಎರಡು ನಿಯಮ ಪಾಲನೆ ಆದರೆ ಸಾಕು, ಎಲ್ಲಾ ಭಾಗಗಳ ಪವರ್ ಕೂಡಿಸಿದಾಗ ಸೊನ್ನೆ ಬಂದೇ ಬರುತ್ತದೆ. ಡಬ್ಬಿಯೊಳಗೆ ರೆಸಿಸ್ಟರ್ ಇದೆಯೋ, ಡಯೋಡ್ ಇದೆಯೋ, ಡೈಮಂಡ್ ಇದೆಯೋ, ಆ ಪ್ರಮೇಯ ಕೇಳುವುದೇ ಇಲ್ಲ.

ಹುಡುಗಿಯ ಉತ್ತರದಲ್ಲಿ ಎರಡೂ ನಿಯಮ ಪಾಲನೆ ಆಗಿದ್ದವು. ನೋಡ್‌ಗೆ 0.36 ಮತ್ತು 3.6 ಬರುತ್ತವೆ, 3.96 ಹೊರಗೆ ಹೋಗುತ್ತದೆ. 3.96 ಇಂಟು 4 ಅಂದರೆ 15.84. ಸರಿ ಇದೆ. ಅವಳು ಬಿಡಿಸಿದ್ದು ನಿಜವಾದ ಒಂದು ಸರ್ಕ್ಯೂಟನ್ನೇ. ಆದರೆ ಅದು ನಾನು ಕೊಟ್ಟ ಸರ್ಕ್ಯೂಟ್ ಅಲ್ಲ. 3.6 ಆಂಪಿಯರ್‌ನ ಮಾಮೂಲಿ ಸೋರ್ಸ್ ಇರುವ ಇನ್ನೊಂದು ಸರ್ಕ್ಯೂಟ್. ಡೈಮಂಡ್‌ನ ಪಕ್ಕ ಬರೆದಿದ್ದ "2ಕ" ಎಂಬ ಷರತ್ತನ್ನು ಪವರ್ ಲೆಕ್ಕ ಓದುವುದೇ ಇಲ್ಲ. ಅದನ್ನು ನಾವೇ ಬೇರೆಯಾಗಿ ಕೇಳಬೇಕು: ಕ 0.36 ಆಗಿದ್ದರೆ ಡೈಮಂಡ್ 0.72 ತಳ್ಳಬೇಕಿತ್ತಲ್ವಾ? ಯಾಕೆ 3.6 ತಳ್ಳುತ್ತಿದೆ?

ಇದನ್ನು ಬೋರ್ಡಿನ ಮೇಲೆ ಬರೆದೆ. ಒಪ್ಪಿದಳು. ಆದರೆ ಒಪ್ಪುವುದು ಬೇರೆ, ಒಳಗೆ ಇಳಿಯುವುದು ಬೇರೆ. "ಮೊದಲು ಕ 1.8 ಇತ್ತಲ್ರಿ. ಅದನ್ನೇ ನೋಡಿ ಡೈಮಂಡ್ 3.6 ಕೊಟ್ಟದ. ಅದ್ರದೇನು ತಪ್ಪು?" ಎಂದಳು.

ಒಳ್ಳೆಯ ಪ್ರಶ್ನೆ. ಅವಳ ಮನಸ್ಸಿನಲ್ಲಿ ಮೊದಲು-ಆಮೇಲೆ ಎಂಬ ಕ್ರಮ ಇತ್ತು. ಮೊದಲು ಬ್ಯಾಟರಿ ಕೆಲಸ ಮಾಡುತ್ತದೆ, ಆಮೇಲೆ ಅದನ್ನು ನೋಡಿ ಡೈಮಂಡ್ ಕೆಲಸ ಮಾಡುತ್ತದೆ. ಸರ್ಕ್ಯೂಟ್‌ನಲ್ಲಿ ಹಾಗಿಲ್ಲ. ಎರಡೂ ಒಂದೇ ಕ್ಷಣದಲ್ಲಿ ಸರಿ ಇರಬೇಕು.

ಅವಳ ಅಪ್ಪನದು ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ. ಕೊಪ್ಪಳ ಜಿಲ್ಲೆಯ ಮುನಿರಾಬಾದ್‌ನಲ್ಲಿ ಹೊರಡುವ ನೀರು ಗಂಗಾವತಿ, ಸಿಂಧನೂರು ದಾಟಿ ಇವರ ಕಡೆ ಬರಬೇಕು. ಕೊನೇ ಭಾಗದವರ ಕಷ್ಟ ಈ ಜಿಲ್ಲೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಾನು ಕೇಳಿದೆ: "ನೋಡವ್ವಾ, ಕಾಲುವೆ ತುಂಬಾ ನೀರು ಹರೀತಿದೆ. ಆಗ ಒಬ್ಬ ತೂಬು ಎತ್ತಿದ. ಎತ್ತಿದ ಮೇಲೂ ಕಾಲುವೆ ಅಷ್ಟೇ ತುಂಬಿರ್ತದಾ?"

"ಎಲ್ಲಿರ್ತದ್ರಿ? ಇಳಿತದ."

"ಇಳಿದ ಮೇಲೆ ಅವನ ತೂಬಿನಲ್ಲಿ ಮೊದಲಿನಷ್ಟೇ ರಭಸ ಇರ್ತದಾ?"

ಅವಳು ಉತ್ತರ ಹೇಳಲಿಲ್ಲ. ನೋಟ್‌ಬುಕ್ ತನ್ನ ಕಡೆ ಎಳೆದುಕೊಂಡಳು. ತೂಬು ಎತ್ತುವ ಮೊದಲಿನ ಮಟ್ಟ ನೋಡಿ ಎತ್ತಿದ ಮೇಲಿನ ಹರಿವನ್ನು ಲೆಕ್ಕ ಹಾಕಿದ್ದೇನೆ ಎಂದು ಅವಳಿಗೆ ತಾನಾಗಿ ಹೊಳೆಯಿತು. ಡೈಮಂಡ್ ನೋಡ್‌ಗೆ ಕರೆಂಟ್ ತಳ್ಳಿದಾಗ ನೋಡ್‌ನ ವೋಲ್ಟೇಜ್ ಏರುತ್ತದೆ. ಏರಿದಾಗ ಬ್ಯಾಟರಿಯಿಂದ ಬರುವ ಕ ಇಳಿಯುತ್ತದೆ. ಕ ಇಳಿದರೆ ಡೈಮಂಡ್ ತಳ್ಳುವುದೂ ಇಳಿಯುತ್ತದೆ.

ಆಮೇಲೆ ಅವಳು ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ಯಾರೂ ಹೇಳದೆ, ಹೊಸ ಕ ಇಟ್ಟುಕೊಂಡು ಮತ್ತೆ ಮತ್ತೆ ಲೆಕ್ಕ ಹಾಕಿದಳು. 1.8 ಇದ್ದದ್ದು 0.36 ಆಯಿತು. ಅಲ್ಲಿಂದ 1.512. ಅಲ್ಲಿಂದ 0.5904. ಜೋಕಾಲಿಯಂತೆ ಆ ಕಡೆ ಈ ಕಡೆ ತೂಗುತ್ತಾ, ಪ್ರತಿ ಸಲ ಸ್ವಲ್ಪ ಕಡಿಮೆ ತೂಗುತ್ತಾ, 1ರ ಹತ್ತಿರ ಬರುತ್ತಿತ್ತು. "ಒಂದರಾಗ ನಿಂದ್ರತದ್ರಿ ಸರ್" ಎಂದಳು. ಹೌದು, ಒಂದರಲ್ಲೇ ನಿಲ್ಲುತ್ತದೆ.

ಆದರೆ ಇದನ್ನೇ ವಿಧಾನ ಮಾಡಿಕೊಳ್ಳಬೇಡ ಎಂದೆ. ಇಲ್ಲಿ ತೂಗಾಟ ಪ್ರತಿ ಸಲ 0.8ರಷ್ಟಾಗುತ್ತದೆ, ಅದಕ್ಕೇ ನಿಂತಿತು. ಡೈಮಂಡ್ ಎರಡರ ಬದಲು ಮೂರರಷ್ಟು ತಳ್ಳುವಂತಿದ್ದರೆ ತೂಗಾಟ ಪ್ರತಿ ಸಲ 1.2ರಷ್ಟು ಬೆಳೆಯುತ್ತಾ ಹೋಗುತ್ತಿತ್ತು. ಸರ್ಕ್ಯೂಟ್‌ಗೆ ಸರಿಯಾದ ಉತ್ತರ ಇದ್ದರೂ ನಮ್ಮ ಲೆಕ್ಕ ಅಲ್ಲಿಗೆ ತಲುಪುತ್ತಿರಲಿಲ್ಲ.

ನೇರ ದಾರಿ ಎರಡು ಸಾಲಿನದು. ನೋಡ್‌ಗೆ ಬರುವುದು ಕ ಮತ್ತು 2ಕ, ಒಟ್ಟು 3ಕ. ಅದೆಲ್ಲಾ 4 ಓಮ್‌ನಲ್ಲಿ ಹೋಗುತ್ತದೆ, ಹಾಗಾಗಿ ನೋಡ್ ವೋಲ್ಟೇಜ್ 12ಕ. ಬ್ಯಾಟರಿ ಕಡೆಯಿಂದ ನೋಡಿದರೆ 18 = 6ಕ + 12ಕ. ಕ = 1 ಆಂಪಿಯರ್. ನೋಡ್‌ನಲ್ಲಿ 12 ವೋಲ್ಟ್.

ಹಾಗಂತ ಅವಳ ಸೂಪರ್‌ಪೊಸಿಷನ್ ದಾರಿಯನ್ನು ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. "ಡಿಪೆಂಡೆಂಟ್ ಸೋರ್ಸನ್ನು ಯಾವತ್ತೂ ತೆಗೆಯಬಾರದು" ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಯಾಕೆ ಎಂದು ಹೇಳುವುದಿಲ್ಲ. ನಿಜವಾಗಿ ನೋಡಿದರೆ ಅವಳು ಒಂದೇ ಹೆಜ್ಜೆ ಹಿಂದೆ ನಿಂತಿದ್ದಳು. ಡೈಮಂಡ್‌ನ ಬೆಲೆಯನ್ನು 3.6 ಎಂದು ಮೊದಲೇ ಕಟ್ಟಿಹಾಕದೆ, ಗೊತ್ತಿಲ್ಲದ ಒಂದು ಸಂಖ್ಯೆ ‘ಡ’ ಎಂದು ಇಟ್ಟುಕೊಳ್ಳಿ. ಬ್ಯಾಟರಿಯಿಂದ ಕ 1.8 ಬರುತ್ತದೆ. ಡೈಮಂಡ್ ಅದನ್ನು 0.4ಡ ಅಷ್ಟು ಇಳಿಸುತ್ತದೆ. ಅಂದರೆ ಕ = 1.8 − 0.4ಡ. ಷರತ್ತನ್ನು ಕೊನೆಯಲ್ಲಿ ಹಾಕಿ: ಡ = 2ಕ = 3.6 − 0.8ಡ. ಹಾಗಾಗಿ ಡ = 2. ವೋಲ್ಟೇಜ್ 7.2 + 4.8 = 12. ಅದೇ ದಾರಿ, ಅದೇ ಅಂಕಿಗಳು, ಸರಿಯಾದ ಉತ್ತರ. ಇದನ್ನು ತೋರಿಸಿದಾಗ ಅವಳ ಮುಖ ಅರಳಿತು. ಒಂದು ಸಂಜೆಯ ಕೆಲಸ ನೀರಿನಲ್ಲಿ ಹೋಮ ಆಗಲಿಲ್ಲವಲ್ಲ.

ಈಗ ಪವರ್. ಬ್ಯಾಟರಿ 18 ವೋಲ್ಟ್‌ನಲ್ಲಿ 1 ಆಂಪಿಯರ್ ಕೊಡುತ್ತದೆ, 18 ವ್ಯಾಟ್. ಡೈಮಂಡ್ 12 ವೋಲ್ಟ್‌ನಲ್ಲಿ 2 ಆಂಪಿಯರ್, 24 ವ್ಯಾಟ್. ತಿನ್ನುವ ಕಡೆ 6 ಓಮ್‌ಗೆ 6 ವ್ಯಾಟ್, 4 ಓಮ್‌ಗೆ 36 ವ್ಯಾಟ್. ಎರಡೂ ಕಡೆ 42. ಷರತ್ತೂ ಸರಿ: 2 ಅಂದರೆ 1ರ ಎರಡರಷ್ಟು.

ಅಷ್ಟರಲ್ಲಿ ಉಳಿದ ಮಕ್ಕಳೂ ಬಂದು ಕೂತಿದ್ದರು. ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಸರ್, ಬ್ಯಾಟರಿ ಕೊಟ್ಟಿದ್ದು ಬರೇ 18. ಉಳಿದ 24 ವ್ಯಾಟ್ ಎಲ್ಲಿಂದ ಬಂತ್ರಿ? ಶಕ್ತಿನಗರದಿಂದ ಬಂತೇನ್ರಿ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅವನು ಸರಿಯಾದ ಕಡೆಯೇ ಕೈ ತೋರಿಸಿದ್ದ. ಊರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ, 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಿರುವ ಸ್ಥಾವರ ಅದು. ಈಗ ಅದರ ಸಾಮರ್ಥ್ಯ 1720 ಮೆಗಾವ್ಯಾಟ್. ನಮ್ಮ ಹಾಳೆಯ ಮೇಲಿನ ಡೈಮಂಡ್ ಯಾವುದೋ ನಿಜವಾದ ವಸ್ತುವಿನ ಚಿತ್ರ. ಅದರ ಪವರ್ ಹಾಳೆಯಲ್ಲಿ ಬರೆಯದೇ ಬಿಟ್ಟ ಇನ್ನೊಂದು ಸಪ್ಲೈನಿಂದ ಬರುತ್ತದೆ. ಆ ಸಪ್ಲೈ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದಾದರೆ ಹುಡುಗನ ಮಾತು ಸುಳ್ಳಲ್ಲ. ತೂಬು ಎತ್ತುವವನ ಕೈಯ ಬಲದಿಂದ ನೀರು ಹರಿಯುವುದಿಲ್ಲ. ನೀರಿನ ಬಲ ಮೇಲಿನ ಡ್ಯಾಮಿನದು. ಅವನ ಕೈ ಎಷ್ಟು ಎಂದು ತೀರ್ಮಾನಿಸುತ್ತದೆ ಅಷ್ಟೇ.

ಮಾತಿನಲ್ಲಿ ಬಿಟ್ಟರೆ ಸಾಲದು ಅನಿಸಿತು. ಕೆಳಗೆ ಹೋಗಿ ಡಬ್ಬಿ ತಂದೆ. ಬಿಸಿ 547 ಟ್ರಾನ್ಸಿಸ್ಟರ್, 9 ವೋಲ್ಟ್ ಬ್ಯಾಟರಿ, 100 ಕಿಲೋ ಓಮ್, 1 ಕಿಲೋ ಓಮ್, ಒಂದು ಮಲ್ಟಿಮೀಟರ್. ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. ಬ್ಯಾಟರಿ ಪ್ಲಸ್‌ನಿಂದ 100 ಕಿಲೋ ಓಮ್ ಮೂಲಕ ಬೇಸ್‌ಗೆ. ಅದೇ ಪ್ಲಸ್‌ನಿಂದ ಬೇರೆ ತಂತಿಯಲ್ಲಿ ನೇರ ಕಲೆಕ್ಟರ್‌ಗೆ. ಎಮಿಟರ್‌ನಿಂದ 1 ಕಿಲೋ ಓಮ್ ಮೂಲಕ ಮೈನಸ್‌ಗೆ. ನಮ್ಮ ಲೆಕ್ಕದ ಸರ್ಕ್ಯೂಟ್ ಇದರ ತಮ್ಮನೇ. ಬೇಸ್ ಕರೆಂಟ್ ನಮ್ಮ ಕ, ಕಲೆಕ್ಟರ್ ಕರೆಂಟ್ ನಮ್ಮ ಡೈಮಂಡ್, ಎಮಿಟರ್ ನಮ್ಮ ನೋಡ್. ವ್ಯತ್ಯಾಸ ಏನೆಂದರೆ ಇಲ್ಲಿ ಎರಡರಷ್ಟಲ್ಲ, ನೂರಾರು ಪಟ್ಟು. ಬೇಸ್‌ನಿಂದ ಎಮಿಟರ್‌ಗೆ ಹೋಗುವಾಗ ಸುಮಾರು 0.7 ವೋಲ್ಟ್ ಕಳೆಯುತ್ತದೆ, ಅದನ್ನು ನಮ್ಮ ಹಾಳೆಯ ಸರ್ಕ್ಯೂಟ್‌ನಲ್ಲಿ ಹಿಡಿದಿರಲಿಲ್ಲ.

ಎಮಿಟರ್‌ನಲ್ಲಿ ಮೀಟರ್ 5 ವೋಲ್ಟ್ ದಾಟಿ ತೋರಿಸಿತು. 100 ಕಿಲೋ ಓಮ್ ಮೇಲೆ 3 ವೋಲ್ಟ್‌ಗಿಂತ ಕಡಿಮೆ. ಆಮೇಲೆ ಹುಡುಗಿಗೆ ಕಲೆಕ್ಟರ್ ತಂತಿ ಕೀಳಲು ಹೇಳಿದೆ. ಎಮಿಟರ್‌ನ ವೋಲ್ಟೇಜ್ ಒಂದು ವೋಲ್ಟ್‌ನ ಹತ್ತನೇ ಒಂದಕ್ಕಿಂತ ಕೆಳಗೆ ಬಿತ್ತು. ಬೇಸ್‌ಗೆ ಬರುವ ಕರೆಂಟ್ ಒಂದೇ ಎಮಿಟರ್‌ಗೆ ಉಳಿಯಿತು, ಅದು ಏನೂ ಸಾಲದು. ತಂತಿ ಮತ್ತೆ ಸಿಕ್ಕಿಸಿದಳು, 5 ದಾಟಿತು. ಕಿತ್ತಳು, ಬಿತ್ತು. ನಾಲ್ಕೈದು ಸಲ ಮಾಡಿದಳು. ಬಿಟ್ಟುಹೋದ ಪವರ್ ಯಾವ ತಂತಿಯಲ್ಲಿ ಬರುತ್ತಿತ್ತು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಅವಳು ಗಮನಿಸಿದ್ದು ಇನ್ನೂ ಒಂದು ಇದೆ. ಕಲೆಕ್ಟರ್ ತಂತಿ ಕಿತ್ತಾಗ 100 ಕಿಲೋ ಓಮ್ ಮೇಲಿನ ವೋಲ್ಟೇಜ್ 8 ದಾಟಿತು. ಅಂದರೆ ಬೇಸ್ ಕರೆಂಟ್ ಜಾಸ್ತಿ ಆಯಿತು. ಹಾಳೆಯ ಮೇಲೂ ಹಾಗೇ ಅಲ್ವಾ? ಡೈಮಂಡ್ ಇಲ್ಲದಾಗ ಕ 1.8, ಇದ್ದಾಗ 1. ಅವಳು ಮೊದಲು ತಪ್ಪಿದ್ದು ಇದೇ ಜಾಗದಲ್ಲಿ. ಕಿತ್ತ ತಂತಿಯ ಅಂಕಿಯನ್ನು ಸಿಕ್ಕಿಸಿದ ತಂತಿಗೆ ಹಾಕಿದ್ದಳು.

ಥೆವೆನಿನ್ ವಿಷಯವನ್ನೂ ಆ ಸಂಜೆಯೇ ಮುಗಿಸಿದೆವು. ಇಂಥ ಸರ್ಕ್ಯೂಟನ್ನು ಎರಡು ತುದಿಯಿಂದ ನೋಡಿದರೆ ಒಂದು ಬ್ಯಾಟರಿ, ಒಂದು ರೆಸಿಸ್ಟರ್ ಅಷ್ಟೇ ಎಂದು ಹಿಡಿಯಬಹುದು ಎನ್ನುವ 1883ರ ಪ್ರಮೇಯ ಅದು, ತಪ್ಪು ಮಾತ್ರ ಇವತ್ತಿಗೂ ಅದೇ. 4 ಓಮ್ ತೆಗೆದು, ಬ್ಯಾಟರಿಯನ್ನು ಶಾರ್ಟ್ ಮಾಡಿ, ಡೈಮಂಡನ್ನೂ ಕಿತ್ತು ಹಾಕಿ ಆ ರೆಸಿಸ್ಟರ್ 6 ಓಮ್ ಎನ್ನುತ್ತಾರೆ. ಆದರೆ ಡೈಮಂಡ್ ಇಟ್ಟುಕೊಂಡೇ ನೋಡಿದರೆ ತೆರೆದ ತುದಿಯ ವೋಲ್ಟೇಜ್ 18, ಆ ತುದಿಗಳನ್ನು ಶಾರ್ಟ್ ಮಾಡಿದರೆ ಹರಿಯುವುದು 3 ಮತ್ತು 6 ಸೇರಿ 9 ಆಂಪಿಯರ್. 18ನ್ನು 9ರಿಂದ ಭಾಗಿಸಿದರೆ ನಿಜವಾದ ರೆಸಿಸ್ಟೆನ್ಸ್ 2 ಓಮ್. 4 ಓಮ್ ಮತ್ತೆ ಸೇರಿಸಿ ನೋಡಿ, ಅದೇ 12 ವೋಲ್ಟ್.

ಮುಂದಿನ ವಾರ ಅವಳು ಮೊದಲಿನಂತೆಯೇ ಬೇಗ ಬಂದಳು. ಈ ಸಲ ದೂರು ಇರಲಿಲ್ಲ. ಡೈಮಂಡ್‌ನ ಬಾಣ ತಿರುಗಿಸಿ, ನೋಡ್‌ನಿಂದ ಕರೆಂಟ್ ಎಳೆಯುವಂತೆ ಮಾಡಿಕೊಂಡು ತಾನೇ ಲೆಕ್ಕ ಹಾಕಿದ್ದಳು. ಎಳೆದರೆ ಡೈಮಂಡ್ ಪವರ್ ತಿನ್ನಬೇಕು ಎಂಬುದು ಅವಳ ಊಹೆ. ಅರ್ಧದಷ್ಟು ಎಳೆದಾಗ ಊಹೆ ಸರಿ ಇತ್ತು. ನೋಡ್ 4.5 ವೋಲ್ಟ್, ಡೈಮಂಡ್ 5 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತಿತ್ತು. ಒಂದರಷ್ಟು ಎಳೆದಾಗ ನೋಡ್ ಸೊನ್ನೆ ವೋಲ್ಟ್, ಕೊಡುವುದೂ ಇಲ್ಲ, ತಿನ್ನುವುದೂ ಇಲ್ಲ. ಎರಡರಷ್ಟು ಎಳೆದಾಗ ಕ 9 ಆಂಪಿಯರ್, ನೋಡ್ ಮೈನಸ್ 36 ವೋಲ್ಟ್, ಡೈಮಂಡ್ ಮತ್ತೆ ಕೊಡುವ ಕಡೆಗೆ ಬಂದು 648 ವ್ಯಾಟ್ ಕೊಡುತ್ತಿತ್ತು. ಪ್ರತಿ ಲೆಕ್ಕದ ಕೆಳಗೆ ಮೊದಲು ಷರತ್ತಿನ ಸಾಲು ಬರೆದಿದ್ದಳು, 18 ಅಂದರೆ 9ರ ಎರಡರಷ್ಟು ಎಂದು. ಪವರ್ ಕೂಡಿಸಿದ್ದು ಅದರ ಕೆಳಗೆ, 810 ಮತ್ತು 810.

ಕೊನೇ ಪುಟದಲ್ಲಿ ಎರಡೂವರೆಯಷ್ಟು ಎಳೆಯುವ ಲೆಕ್ಕ ಇತ್ತು. ಒಂದು ಕಡೆ 18, ಇನ್ನೊಂದು ಕಡೆ ಸೊನ್ನೆ ಇಂಟು ಕ. ಅದರ ಸುತ್ತ ಪೆನ್ಸಿಲ್‌ನಿಂದ ಗೋಲ ಹಾಕಿದ್ದಳು.

"ಸರ್, ಇದಕ್ಕ ಉತ್ತರನೇ ಇಲ್ಲಲ್ರಿ. ಷರತ್ತು ಹೆಂಗ ಮಾಡಿದ್ರೂ ಕೂಡಂಗಿಲ್ಲ."

ಇಲ್ಲ ಎಂದೆ. ಆ ಬೆಲೆಗೆ ಇಂಥ ಡೈಮಂಡ್ ಹಾಳೆಯ ಮೇಲೆ ಮಾತ್ರ ಇರಬಲ್ಲದು. ನಿಜವಾದ ವಸ್ತುವಾದರೆ ತನ್ನ ಸಪ್ಲೈ ಎಷ್ಟು ಕೊಡುತ್ತದೋ ಅಲ್ಲಿಗೆ ಮುಟ್ಟಿ ನಿಂತುಬಿಡುತ್ತದೆ, ಆಮೇಲೆ ಎರಡೂವರೆಯಷ್ಟು ಎಂಬ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಅವಳು ಡಬ್ಬಿಯ ಕಡೆ ಕೈ ಚಾಚಿ, "ಅದನ್ನ ಇದರಾಗ ತೋರ್ಸಾಕ ಬರ್ತದೇನ್ರಿ?" ಎಂದಳು. ಇಬ್ಬರೂ ಮೀಟರ್ ಹಿಡಿದು ಚಾಪೆಯ ಮೇಲೆ ಕೂತೆವು.